ಟ್ರಂಕಿನಲ್ಲಿ ಸಿಕ್ಕ ಹಳೇ ಕಾಗದ, ನಕಾಶೆ, ಫೋಟೊ: ಮೊದಲು ಏನು ಮಾಡಬೇಕು?

ಪ್ರಶ್ನೆ (ಪಾಂಡವಪುರ ತಾಲ್ಲೂಕಿನಿಂದ)

ನಮ್ಮೂರಲ್ಲಿ ಹಳೇ ಶಾನುಭೋಗರ ಮನೆ ಕೆಡವುತ್ತಿದ್ದಾರೆ. ಅಟ್ಟದಿಂದ ಎರಡು ಕಬ್ಬಿಣದ ಟ್ರಂಕು ಇಳಿಸಿ, ಊರಿನ ಇತಿಹಾಸ ಬರೆಯಲು ಬೇಕಾದೀತು ಅಂತ ಮನೆಯವರು ನಮ್ಮ ಸಂಘಕ್ಕೆ ಕೊಟ್ಟಿದ್ದಾರೆ. ದಾರ ಕಟ್ಟಿದ ಕಾಗದದ ಕಟ್ಟು ಹದಿನಾಲ್ಕು, ಬಟ್ಟೆಗೆ ಅಂಟಿಸಿದ ಗ್ರಾಮ ನಕಾಶೆ ಒಂದು, ನಾಲೆಯದ್ದು ಅನ್ನಿಸುವ ನೀಲಿ ನಕ್ಷೆ ಎರಡು, ಕಪ್ಪು ಹಾಳೆಯ ಆಲ್ಬಂ, ಚೌಕಟ್ಟಿನ ಗಾಜಿಗೆ ಅಂಟಿಹೋದ ಗುಂಪು ಫೋಟೊ, ಮಡಿಸಿಟ್ಟ ಕಪ್ಪು ಬಟ್ಟೆಯ ಪುಸ್ತಕ ಒಂದು ಇವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಹುಳವೂ ಇದೆ. ಬಿಸಿಲಿಗೆ ಹರವಿ ಆಮೇಲೆ ಲ್ಯಾಮಿನೇಷನ್ ಮಾಡಿಸೋಣ ಅಂತಾರೆ ಹುಡುಗರು. ಗೊತ್ತಿರೋರು ಹೇಳಿ.

ಕಾಗದ ಸಂರಕ್ಷಣೆ ಮಾಡುವವರು, ಮೈಸೂರು

ಎರಡೂ ಬೇಡಿ. ಬಿಸಿಲಿಗೆ ಶಾಯಿ ಮಾಸುತ್ತದೆ, ಹಾಳೆ ಸೊಟ್ಟಗಾಗುತ್ತದೆ. ಲ್ಯಾಮಿನೇಷನ್ ಅಂದರೆ ಬಿಸಿ ಮಾಡಿದ ಅಂಟು ಕಾಗದದ ನಾರಿನೊಳಗೆ ಇಳಿಯುವುದು. ಅದನ್ನು ಮತ್ತೆ ತೆಗೆಯಲಾಗುವುದಿಲ್ಲ, ಒಳಗಿನ ಆಮ್ಲವೂ ಅಲ್ಲೇ ಉಳಿದು ಕಾಗದವನ್ನು ತಿನ್ನುತ್ತಲೇ ಇರುತ್ತದೆ. ಸೆಲ್ಲೋಟೇಪು ಸಹ ಇದೇ ಜಾತಿ.

ಕಟ್ಟು ಬಿಚ್ಚುವ ಮುಂಚೆ ಟ್ರಂಕು ಹೇಗಿತ್ತೋ ಹಾಗೇ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಒಂದೊಂದು ಪದರ ಎತ್ತಿದಾಗಲೂ ಇನ್ನೊಂದು. ಯಾವ ಕಾಗದ ಯಾವುದರ ಜೊತೆ ಕಟ್ಟಿತ್ತು ಅನ್ನುವುದೇ ಅರ್ಧ ಮಾಹಿತಿ. ತಾರೀಖಿಲ್ಲದ ಒಂದು ಚೀಟಿಯ ಕಾಲ ಗೊತ್ತಾಗುವುದು ಅದರ ಮೇಲೂ ಕೆಳಗೂ ಇದ್ದ ರಸೀತಿಗಳಿಂದ. ಉತ್ಸಾಹದಲ್ಲಿ ಪತ್ರಗಳನ್ನೆಲ್ಲ ಒಂದು ಕಡೆ, ಕಂದಾಯ ರಸೀತಿಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಆ ನಂಟು ಹೋಯಿತು. ಕಟ್ಟಿಗೊಂದು ನಂಬರು ಕೊಟ್ಟು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗಿಡಿ. ಬಾಲ್ ಪೆನ್ ಈ ಕೋಣೆಗೇ ಬರಬಾರದು.

ಬೂಷ್ಟು ಹಿಡಿದ ಕಟ್ಟುಗಳನ್ನು ಬೇರೆ ಕೋಣೆಗೆ ಸಾಗಿಸಿ. ಹಸಿಯಾಗಿರುವಾಗ ಉಜ್ಜಿದರೆ ಅದು ನಾರಿನೊಳಗೇ ಇಳಿಯುತ್ತದೆ. ನೆರಳಲ್ಲಿ ಹಾಳೆಗಳನ್ನು ಸಡಿಲಿಸಿಟ್ಟು ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ. ಗಾಳಿ ಕೋಣೆಯಲ್ಲಿ ಆಡಬೇಕೇ ಹೊರತು ನೇರ ಕಾಗದಕ್ಕೆ ಹೊಡೆಯಬಾರದು. ಪುಡಿಯಾಗಿ ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿ, ಹಜಾರದ ಹೊರಗೆ, ಮೃದುವಾದ ಅಗಲ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಗುಡಿಸಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ. ಪಿನ್ನಿಗೂ ಕಾಗದಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎತ್ತಿ.

ಜೀವಂತ ಹುಳ ಇರುವ ಕಟ್ಟನ್ನು, ಕಾಗದ ಒಣಗಿರುವುದನ್ನು ಖಾತ್ರಿ ಮಾಡಿಕೊಂಡು, ಗಾಳಿ ಹಿಂಡಿ ತೆಗೆದ ಜಿಪ್ ಕವರಿಗೆ ಹಾಕಿ ಮುಚ್ಚಿ. ಮೈನಸ್ 18 ಡಿಗ್ರಿಗೆ ಇಳಿಯುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇರಲಿ. ಹೊರತೆಗೆದ ಮೇಲೆ 24 ಗಂಟೆ ಕವರು ಬಿಚ್ಚಬೇಡಿ, ಬಿಚ್ಚಿದರೆ ನೀರಿನ ಹನಿ ಕಾಗದದ ಮೇಲೇ ಕೂರುತ್ತದೆ. ಫೋಟೊ, ಗಾಜಿನ ನೆಗೆಟಿವ್‌ಗಳನ್ನು ಫ್ರೀಜರಿಗೆ ಹಾಕಬೇಡಿ.

ಹಾಳೆ ಹರಿದಿದ್ದರೆ ಸದ್ಯಕ್ಕೆ ಅಂಟಿಸುವುದೇ ಬೇಡ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರಿನಲ್ಲಿ ತುಂಡುಗಳನ್ನು ಕೂಡಿಸಿಟ್ಟರೆ ಸಾಕು. ಹೊಸ ರೆಕ್ಸಿನ್ನಿನ ವಾಸನೆ ಬರುವ ಪಿವಿಸಿ ಕವರು ಕೊಳ್ಳಬೇಡಿ.

ಇನ್ನೊಬ್ಬರು

ನುಸಿಗುಳಿಗೆ ನಾಲ್ಕು ಎಸೆದರೆ ಆಯ್ತಲ್ಲ ಸಾರ್, ಫ್ರೀಜರ್ ಯಾಕೆ?

ಕಾಗದ ಸಂರಕ್ಷಣೆ ಮಾಡುವವರು

ನುಸಿಗುಳಿಗೆ ಹೊಸ ಹುಳವನ್ನು ಸ್ವಲ್ಪ ದೂರ ಇಡಬಹುದು. ಬೈಂಡಿನೊಳಗಿನ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಅದರ ಆವಿ ಫೋಟೊಕ್ಕೂ ಓದುವವರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಬಜೆ, ಬೇವು ಇಡುವ ನಮ್ಮ ಹಳೇ ರೂಢಿಯನ್ನು ಬಿಡಬೇಕಿಲ್ಲ. ಆದರೆ ಬಟ್ಟೆಯ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗಿಡಿ. ಎಲೆಯನ್ನು ಹಾಳೆಗಳ ನಡುವೆ ಇಟ್ಟರೆ ಅದರ ಗುರುತು ಕಂದು ಕಲೆಯಾಗಿ ಕೂರುತ್ತದೆ.

ಹಸ್ತಪ್ರತಿ ಓದುವವರು, ಮೈಸೂರು

ಆ ಕಪ್ಪು ಬಟ್ಟೆಯ ಪುಸ್ತಕ ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆದದ್ದು. ಒರೆಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು ಅದು. ಒದ್ದೆ ಬಟ್ಟೆ ಇರಲಿ, ಹೆಬ್ಬೆರಳು ಸವರಿದರೂ ಲೆಕ್ಕ ಅಳಿಸಿತು. ಬ್ರಷ್ಷೂ ಬೇಡ. ಮಡಿಕೆ ಬಿಡಿಸಿ ಒಂದೊಂದು ಮಗ್ಗುಲನ್ನೂ, ಒಂದೇ ಪಕ್ಕದಿಂದ ತಗ್ಗಿನಲ್ಲಿ ದೀಪ ಬೀಳುವಂತೆ ಇಟ್ಟು ಫೋಟೊ ತೆಗೆಯಿರಿ. ಹಿಂದೆ ಅಳಿಸಿದ ಅಕ್ಷರದ ಗೀರು ಸಹ ಕೆಲವೊಮ್ಮೆ ಮೇಲೆದ್ದು ಕಾಣುತ್ತದೆ. ಹುಣಸೆ ಸರಿ ಹುಳಕ್ಕೆ ಹಬ್ಬದೂಟ, ಆದ್ದರಿಂದ ಕಡತಕ್ಕೆ ಬೇರೆಯದೇ ಪೆಟ್ಟಿಗೆ.

ನಿವೃತ್ತ ಭೂಮಾಪಕರು, ಮಂಡ್ಯ

ನಕಾಶೆಯ ವಿಷಯ. ಮೊದಲು ಅಳತೆಯ ಪಟ್ಟಿ ನೋಡಿ. ನಮ್ಮ ಕಡೆಯ ಗ್ರಾಮ ನಕಾಶೆ ಸಾಮಾನ್ಯವಾಗಿ 8 ಇಂಚಿಗೆ 1 ಮೈಲಿ, ಅಂದರೆ 1:7920. ನಕಾಶೆಯ 1 ಮಿ.ಮೀ. ನೆಲದಲ್ಲಿ ಸುಮಾರು 8 ಮೀಟರ್. ಅರ್ಧ ಮಿ.ಮೀ. ದಪ್ಪದ ಶಾಯಿ ಗೆರೆಯೇ 4 ಮೀಟರ್ ನುಂಗುತ್ತದೆ. ಆದ್ದರಿಂದ ಇದನ್ನು ಇತಿಹಾಸಕ್ಕೆ ಬಳಸಿ, ಬದುವಿನ ಜಗಳಕ್ಕೆ ತರಬೇಡಿ. ಅದಕ್ಕೆ ಸರ್ವೆಯ ಅಳತೆ ಬರೆದಿಟ್ಟ ಟಿಪ್ಪಣಿ ಪುಸ್ತಕ ಇದೆ. ಅಲ್ಲಿ ಲೆಕ್ಕ 33 ಅಡಿಯ ಸರಪಳಿ ಮತ್ತು ಆಣೆಯಲ್ಲಿರುತ್ತದೆ, 16 ಆಣೆಗೆ ಒಂದು ಸರಪಳಿ, ಒಂದು ಸರಪಳಿ ಚೌಕ ಅಂದರೆ ಒಂದು ಗುಂಟೆ.

ಮಡಿಕೆ ಗಟ್ಟಿಯಾಗಿದ್ದರೆ ಬಲವಂತವಾಗಿ ಬಿಡಿಸಬೇಡಿ, ಕಾಗದ ಮುರಿದು ಬಟ್ಟೆ ಮಾತ್ರ ಉಳಿದೀತು. ಬಿಡಿಸಿದ ಮೇಲೆ ಮತ್ತೆ ಅದೇ ಗೆರೆಯಲ್ಲಿ ಮಡಿಸಲೂ ಬೇಡಿ. ನಾಲ್ಕು ಇಂಚಿಗಿಂತ ದಪ್ಪದ ಕೊಳವೆಗೆ ಆ್ಯಸಿಡ್-ಫ್ರೀ ಕಾಗದ ಸುತ್ತಿ, ಅದರ ಮೇಲೆ, ಹೊರಗಡೆಗೆ, ನಕಾಶೆ ಸುತ್ತಿ. ಕೊಳವೆಯ ಒಳಗೆ ತುರುಕಿದರೆ ತೆಗೆಯುವಾಗ ಅಂಚು ಹರಿಯುತ್ತದೆ.

ಸ್ಕ್ಯಾನರಿಗೆ ಹಿಡಿಸದಿದ್ದರೆ ಕ್ಯಾಮೆರಾವನ್ನು ನೇರ ಮೇಲೆ ನಿಲ್ಲಿಸಿ ತುಂಡು ತುಂಡಾಗಿ ತೆಗೆಯಿರಿ. ಪಕ್ಕದ ಫೋಟೊಗಳು ಮೂರರಲ್ಲಿ ಒಂದು ಪಾಲಾದರೂ ಒಂದರ ಮೇಲೊಂದು ಬರಲಿ. ಪಕ್ಕದಲ್ಲಿ ಸ್ಕೇಲ್ ಇಡಿ. ಕೂಡಿಸಿದ ಮೇಲೆ ನಕಾಶೆಯ ತಂತ್ರಾಂಶವಾದ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ಇವತ್ತಿನ ನೆಲಕ್ಕೆ ಹೊಂದಿಸಬಹುದು. ನಕಾಶೆಯಲ್ಲೂ ನೆಲದಲ್ಲೂ ಕಾಣುವ ಮೂರು ಗುರುತು ಇದ್ದರೆ ಲೆಕ್ಕ ಬರುತ್ತದೆ, ಆದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎಂಟು ಹತ್ತಾದರೂ, ನಾಲ್ಕೂ ಮೂಲೆಗೆ ಹರಡಿದಂತೆ ಕೊಡಿ. ಬಟ್ಟೆಯ ನಕಾಶೆ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆಯಾಗಿ ಕುಗ್ಗಿರುತ್ತದೆ, ಅಲ್ಲಿನ ಪಾಲಿನೋಮಿಯಲ್-1 ಎಂಬ ಆಯ್ಕೆ ಅದನ್ನು ಸರಿತೂಗಿಸುತ್ತದೆ. ಒಂದೇ ಗುರುತು ಇಪ್ಪತ್ತು ಮೂವತ್ತು ಮೀಟರ್ ಆಚೆ ಬಿದ್ದರೆ ನಕಾಶೆಯನ್ನು ಬೈಯುವ ಮುಂಚೆ ಆ ಗುರುತನ್ನೇ ಅನುಮಾನಿಸಿ. ಹಳೇ ದೇವಸ್ಥಾನ, ಮೂರು ಊರಿನ ಎಲ್ಲೆ ಕೂಡುವ ಕಲ್ಲು ನಂಬಬಹುದು. ಕೆರೆ ಏರಿಯ ತುದಿ, ರಸ್ತೆಯ ತಿರುವು ನಂಬಬೇಡಿ, ಎರಡೂ ಅಗಲವಾಗುತ್ತಾ ಸರಿಯುತ್ತವೆ.

ಈಗಿನ ಗ್ರಾಮ ನಕಾಶೆ ಭೂದಾಖಲೆ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ, ಸರ್ವೆ ನಂಬರು ನಿಂತ ಜಾಗದಲ್ಲೇ ನೋಡಲು ದಿಶಾಂಕ್ ಆ್ಯಪ್ ಇದೆ. ಹಳೇದನ್ನೂ ಹೊಸದನ್ನೂ ಎದುರಿಟ್ಟುಕೊಂಡು ಬಂಡಿದಾರಿ, ಗುಂಡುತೋಪು, ಬಾವಿ, ಬೇಚಿರಾಕ್ (ಜನವಸತಿ ಇಲ್ಲದ) ಗ್ರಾಮ ಎಲ್ಲಿ ಮಾಯವಾದವು ಅಂತ ಗುರುತಿಸಿ. ಇತಿಹಾಸಕ್ಕೆ ಬೇಕಾದ ಸರಕು ಅಲ್ಲಿದೆ.

ನೀಲಿ ನಕ್ಷೆಗೆ ಬೆಳಕೇ ಶತ್ರು, ಗೋಡೆಗೆ ಹಾಕಬೇಡಿ. ಸುಣ್ಣದ ಅಂಶ ಸೇರಿಸಿದ ‘ಬಫರ್ಡ್’ ಕಾಗದದಲ್ಲೂ ಸುತ್ತಬೇಡಿ, ಕ್ಷಾರ ತಾಗಿದರೆ ನೀಲಿ ಬಣ್ಣ ಬಿಡುತ್ತದೆ. ‘ಇರ್ವಿನ್ ನಾಲೆ’ ಅಂತ ಬರೆದಿದ್ದರೆ ಅದು ಇವತ್ತಿನ ವಿಶ್ವೇಶ್ವರಯ್ಯ ನಾಲೆ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ. ಮಡಿಕೆ ಬಿಡದ ಪತ್ರಗಳಿಗೆ ಸ್ವಲ್ಪ ಹಬೆ ತೋರಿಸಬಹುದಾ? ಕೆಲವದರಲ್ಲಿ ನೇರಳೆ ಬಣ್ಣದ ಬರಹ ಇದೆ. ಗಾಜಿನ ಫೋಟೊ ಬಿಡಿಸುವುದು ಹೇಗೆ?

ಕಾಗದ ಸಂರಕ್ಷಣೆ ಮಾಡುವವರು

ಕೆಟಲಿನ ಹಬೆ ಯಾವುದಕ್ಕೂ ಬೇಡ. ನೇರಳೆ ಬರಹ ಕಾಪಿಯಿಂಗ್ ಪೆನ್ಸಿಲಿನದು, ತೇವ ತಾಗಿದ ಕ್ಷಣವೇ ಹರಡುತ್ತದೆ. ರಬ್ಬರ್ ಸ್ಟಾಂಪಿನ ಮುದ್ರೆಯೂ ಅಷ್ಟೇ. ಅಳಲೆಕಾಯಿಯಂಥ ಒಗರು ಕಾಯಿ, ಕಬ್ಬಿಣದ ಉಪ್ಪು ಸೇರಿಸಿ ಮಾಡಿದ ಹಳೇ ಮಸಿ ಕಂದು ತಿರುಗಿ, ಅಕ್ಷರದ ಜಾಗದಲ್ಲಿ ಕಾಗದ ತೂತಾಗಿರುತ್ತದೆ. ಅದಕ್ಕೆ ತೇವ ಕೊಟ್ಟರೆ ಕೊರೆತ ಇನ್ನೂ ಜೋರಾಗುತ್ತದೆ. ಈ ಮೂರನ್ನು ಬಿಟ್ಟು ಉಳಿದವಕ್ಕೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಬ್ಲಾಟಿಂಗ್ ಪೇಪರ್, ಮೇಲೆ ಜಾಲರಿ, ಜಾಲರಿಯ ಮೇಲೆ ಪತ್ರ ಇಡಿ. ಮೂರು ನಾಲ್ಕು ಗಂಟೆಯಲ್ಲಿ ಕಾಗದ ಮೆತ್ತಗಾದರೆ ಬಿಡಿಸಿ, ಒಣ ಬ್ಲಾಟಿಂಗ್ ಪೇಪರ್‌ಗಳ ನಡುವೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಡಬ್ಬಿಯಲ್ಲಿ ಮರೆತು ಮಲಗಿದರೆ ಬೂಷ್ಟು ಗ್ಯಾರಂಟಿ.

ಫೋಟೊ ಡಿಜಿಟೈಸ್ ಮಾಡುವವರು, ಮೈಸೂರು

ಗಾಜಿನಿಂದ ಫೋಟೊ ಬಿಡಿಸಲು ಹೋಗಬೇಡಿ. ತೇವಕ್ಕೆ ಕರಗಿದ ಜೆಲಾಟಿನ್ (ಚಿತ್ರ ಮೂಡಿರುವ ಮೇಲ್ಪದರ) ಗಾಜಿಗೆ ಕಚ್ಚಿಕೊಂಡಿದೆ, ಎಳೆದರೆ ಮುಖಗಳು ಗಾಜಿನಲ್ಲಿ ಉಳಿಯುತ್ತವೆ. ಗಾಜಿನ ಸಮೇತವೇ ತೆಗೆಯಿರಿ: ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ದೀಪ, ಕ್ಯಾಮೆರಾದ ಮುಂದೆ ಲೆನ್ಸಿನಷ್ಟೇ ತೂತಿರುವ ಕಪ್ಪು ಬಟ್ಟೆ. ಪ್ರತಿಬಿಂಬ ಹೋಗುತ್ತದೆ. ಬಿಡಿಸಲೇಬೇಕು ಅಂದರೆ ಎನ್‌ಆರ್‌ಎಲ್‌ಸಿಯ (ಸಾಂಸ್ಕೃತಿಕ ವಸ್ತು ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾಲಯ) ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಮೈಸೂರಿನಲ್ಲೇ ಇದೆ, ಮೊದಲು ಅವರನ್ನು ಕೇಳಿ.

ಆಲ್ಬಮಿನ ಫೋಟೊಗಳನ್ನು ಕೀಳದೆ ಪುಟ ಪೂರ್ತಿ ಸ್ಕ್ಯಾನ್ ಮಾಡಿ, ಆಮೇಲೆ ಒಂದೊಂದೇ ಫೋಟೊ. ಪತ್ರಕ್ಕೆ 400, ಫೋಟೊಕ್ಕೆ 600 ಪಿಪಿಐ (ಇಂಚಿಗೆ ಅಷ್ಟು ಚುಕ್ಕಿ), ಪಾಸ್‌ಪೋರ್ಟ್ ಅಳತೆಯದಕ್ಕೆ 1200. ಕಪ್ಪು ಬಿಳುಪು ಫೋಟೊ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು, ಶಾಯಿ ಯಾವುದು ಅಂತ ಬಣ್ಣವೇ ಹೇಳುತ್ತದೆ. ಮೂಲ ಪ್ರತಿ ಗುಣಮಟ್ಟ ಕುಗ್ಗದ ಫೈಲ್ ಬಗೆಯಾದ ಟಿಫ್‌ನಲ್ಲಿರಲಿ. 6×4 ಇಂಚಿನ ಫೋಟೊ 600ರಲ್ಲಿ ಸುಮಾರು 26 ಎಂಬಿ ಬರುತ್ತದೆ. ವಾಟ್ಸಾಪಿಗೆ ಜೆಪೆಗ್ ನಕಲು ಸಾಕು. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ಹಾಳೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಪೆನ್ಸಿಲ್ ಗುರುತು, ಮಾಸಿದ ಮುದ್ರೆ ಎಲ್ಲ ಅಳಿಸುತ್ತವೆ. ಆ ಫಿಲ್ಟರನ್ನು ಆಫ್ ಮಾಡಿ. ಹಿಂಬದಿ ಖಾಲಿ ಅನ್ನಿಸಿದರೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ ಇರುವುದು ಅಲ್ಲೇ. ವಿನೆಗರ್ ವಾಸನೆಯ ನೆಗೆಟಿವ್ ಇದ್ದರೆ ತಕ್ಷಣ ಬೇರೆ ಇಡಿ, ಪಕ್ಕದವನ್ನೂ ಕೆಡಿಸುತ್ತದೆ.

ಗುಂಪು ಫೋಟೊದಲ್ಲಿ ಯಾರ್ಯಾರು ಅಂತ ಹಿರಿಯರನ್ನು ಕೇಳಲು ದೊಡ್ಡ ಪ್ರಿಂಟ್ ಒಯ್ಯಿರಿ, ತಲೆಗೊಂದು ನಂಬರು ಹಾಕಿ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ. ಜಗುಲಿ ಮೇಲೆ ನಾಲ್ಕು ಜನ ಕೂತಾಗ ಮೊದಲು ಮಾತಾಡಿದವರ ಉತ್ತರವನ್ನೇ ಉಳಿದವರೂ ಒಪ್ಪಿಬಿಡುತ್ತಾರೆ.

ಹಳೇ ಪತ್ರ, ಅಂಚೆಚೀಟಿ ಬಲ್ಲವರು, ಶ್ರೀರಂಗಪಟ್ಟಣ

ತಾರೀಖು ಹಿಡಿಯುವ ಬಗೆ. ಸಂವತ್ಸರದ ಹೆಸರಿದ್ದರೆ 60 ವರ್ಷದ ಚಕ್ರ: ಪ್ರಭವ 1867, 1927, 1987ರ ಯುಗಾದಿಯಿಂದ ಶುರು. ಅಲ್ಲಿಂದ ಎಣಿಸಿ, ಸರ್ವಜಿತು 1947-48. ಎಲ್ಲರೂ ಎಡವುವುದು ಮಾಘ, ಫಾಲ್ಗುಣದಲ್ಲಿ: ಸರ್ವಜಿತು ಮಾಘ ಅಂದರೆ ಇಂಗ್ಲಿಷ್ ವರ್ಷ 1948. ಯಾವ ಚಕ್ರ ಅನ್ನುವುದಕ್ಕೆ ಬೇರೆ ಸುಳಿವು ಬೇಕು. ವಿಳಾಸದಲ್ಲಿ ಮಂಡ್ಯ ಜಿಲ್ಲೆ ಅಂತಿದ್ದರೆ 1939ರ ಜುಲೈ ಆದಮೇಲಿನದು, ಅದಕ್ಕೂ ಮುಂಚೆ ನಿಮ್ಮ ತಾಲ್ಲೂಕು ಮೈಸೂರು ಜಿಲ್ಲೆಯಲ್ಲಿತ್ತು. ‘ಫ್ರೆಂಚ್ ರಾಕ್ಸ್’ ಅಂಚೆ ಮುದ್ರೆ ಕಂಡು ಗಾಬರಿಯಾಗಬೇಡಿ, ಅದು ಪಾಂಡವಪುರವೇ. ‘ನಯೇ ಪೈಸೆ’ ಅಂಚೆಚೀಟಿ ಇದ್ದರೆ 1957ರ ಏಪ್ರಿಲ್ ಆದಮೇಲೆ, ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲೆ. ಪಿನ್ ಕೋಡ್ ಇಲ್ಲದ್ದಕ್ಕೆ ಹಳೇದು ಅನ್ನಬೇಡಿ, ಇವತ್ತಿಗೂ ಎಷ್ಟೋ ಜನ ಬರೆಯುವುದಿಲ್ಲ. ಛಾಪಾ ಕಾಗದವಾದರೆ ಹಿಂಬದಿಯಲ್ಲಿ ಮಾರಿದವರು ಬರೆದ ತಾರೀಖು ಹುಡುಕಿ. ಊಹಿಸಿದ ವರ್ಷವನ್ನು ಚೌಕ ಕಂಸದಲ್ಲಿ ಹಾಕಿ, ಯಾಕೆ ಊಹಿಸಿದಿರಿ ಅಂತ ಪಕ್ಕದಲ್ಲಿ ಬರೆಯಿರಿ.

ಗ್ರಂಥಾಲಯದ ಕೆಲಸದವರು, ಮಂಡ್ಯ

ಫೈಲಿನ ಹೆಸರಿನಲ್ಲಿ ಟ್ರಂಕು, ಕಟ್ಟು, ಹಾಳೆ, ಮಗ್ಗುಲು ಇಷ್ಟೇ ಇರಲಿ, ವಿವರವೆಲ್ಲ ಎಕ್ಸೆಲ್ ಪಟ್ಟಿಯಲ್ಲಿ. ಹಾಳೆಯ ನಂಬರನ್ನು 1 ಅಂತ ಬರೆಯದೆ 001 ಅಂತ ಬರೆಯಿರಿ, ಇಲ್ಲದಿದ್ದರೆ 10 ಬಂದು 2ರ ಮುಂದೆ ಕೂರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಊರಾಚೆ.

ಮನೆಯವರಿಂದ ಬರೆಸಿಕೊಳ್ಳಿ: ಮೂಲ ಯಾರದ್ದು, ನಕಲು ಯಾರು ಬಳಸಬಹುದು, ಯಾವ ಪತ್ರ ಹೊರಗೆ ಬಿಡಬಾರದು. ಪತ್ರದ ಹಾಳೆ ನಿಮ್ಮ ಕೈಯಲ್ಲಿದ್ದರೂ ಬರಹದ ಹಕ್ಕು ಬರೆದವರ ವಾರಸುದಾರರದ್ದು. ಸಾಲ, ಸೋಡಚೀಟಿ (ವಿಚ್ಛೇದನದ ಪತ್ರ), ಮನೆಜಗಳದ ಪತ್ರಗಳನ್ನು ಪಟ್ಟಿಯಲ್ಲಿ ಸೇರಿಸಿ, ಚಿತ್ರ ಹಾಕಬೇಡಿ. ವಂಶಪಾರಂಪರ್ಯ ಶಾನುಭೋಗಿಕೆ 1963ರಲ್ಲಿ ನಿಂತಿತು. ಕಟ್ಟಿನಲ್ಲಿ ಸರ್ಕಾರಿ ಲೆಕ್ಕದ ಪುಸ್ತಕವೇ ಉಳಿದುಬಿಟ್ಟಿದ್ದರೆ ಅದು ಖಾಸಗಿ ಆಸ್ತಿ ಅಲ್ಲ. ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಯಲ್ಲಿ ವಿಚಾರಿಸಿ.

ಇಡುವ ಜಾಗ ನಾಲೆ ಬಯಲಿನ ಊರಲ್ಲಿ ದೊಡ್ಡ ತಲೆನೋವು. ನೆಲದಿಂದ ಅರ್ಧ ಅಡಿ ಮೇಲೆ, ಹೊರಗೋಡೆಗೆ ತಾಗದಂತೆ ಸ್ಟೀಲ್ ಬೀರು ಇಡಿ, ಒಳಗೊಂದು ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮಾಪಕ). ತೇವ ಶೇಕಡಾ 65 ದಾಟಿದರೆ ಬೂಷ್ಟು ಮತ್ತೆ ಏಳುತ್ತದೆ, 55ರೊಳಗೆ ಇರಲಿ. ಸಿಲಿಕಾ ಜೆಲ್ ಮುಚ್ಚಿದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಬೀರುವಿನಲ್ಲಿಟ್ಟರೆ ಇಡೀ ಕೋಣೆಯ ತೇವ ಹೀರಿ ಎರಡು ದಿನಕ್ಕೆ ಸೋಲುತ್ತದೆ.

ಪ್ರಶ್ನೆ ಕೇಳಿದವರು

ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೂರು ಪತ್ರ ನಿನ್ನೆಯೇ ಲ್ಯಾಮಿನೇಷನ್ ಆಗಿಬಿಟ್ಟಿದೆ. ಸುಲಿಯಬಹುದಾ?

ಕಾಗದ ಸಂರಕ್ಷಣೆ ಮಾಡುವವರು

ಬೇಡಿ, ಅಕ್ಷರವೂ ಪ್ಲಾಸ್ಟಿಕ್ಕಿನ ಜೊತೆ ಎದ್ದುಬರುತ್ತದೆ. ಇಸ್ತ್ರಿ ಪೆಟ್ಟಿಗೆ ತೋರಿಸುವ ವಿಡಿಯೋ ನಂಬಬೇಡಿ. ಅಂಚಿನ ಪ್ಲಾಸ್ಟಿಕ್ ಕಾಗದದ ಗೆರೆಗೆ ಸಮನಾಗಿ ಕತ್ತರಿಸಲೂ ಬೇಡಿ, ಆ ಸಂದಿನಿಂದ ತೇವ ಒಳಗೆ ಹೋಗುತ್ತದೆ. ಈ ವಾರವೇ 600 ಪಿಪಿಐನಲ್ಲಿ ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ, ಬೇರೆ ಫೋಲ್ಡರಿನಲ್ಲಿ ತಂಪಾದ ಜಾಗದಲ್ಲಿ ಅಡ್ಡಲಾಗಿ ಇಡಿ. ಅವು ಯಾವ ಕಟ್ಟಿನಿಂದ ಬಂದವು ಅಂತ ಹುಡುಗರಿಗೆ ನೆನಪಿರುವಾಗಲೇ ಬರೆಸಿಕೊಳ್ಳಿ, ಆ ಕಟ್ಟಿನಲ್ಲಿ ಅವುಗಳ ಜಾಗಕ್ಕೆ ಒಂದೊಂದು ಚೀಟಿ ಇಡಿ.