ಮಗಳಿಗೆ 13 ತುಂಬುತ್ತಿದೆ, ಹುಟ್ಟುಹಬ್ಬ ಹೇಗೆ ಮಾಡೋದು?

ಮೈಸೂರಿನ ಅಮ್ಮ:
ಮುಂದಿನ ತಿಂಗಳು ಮಗಳಿಗೆ 13 ತುಂಬುತ್ತದೆ. ಇಷ್ಟು ವರ್ಷ ಬೆಳಗ್ಗೆ ಎಣ್ಣೆ ಸ್ನಾನ, ಆರತಿ, ಶಾವಿಗೆ ಪಾಯಸ, ಸಂಜೆ ಬಲೂನು ಕಟ್ಟಿ ಅಕ್ಕಪಕ್ಕದ ಮಕ್ಕಳನ್ನೆಲ್ಲ ಕರೆದು ಕೇಕ್ ಕಟ್ ಮಾಡಿಸುತ್ತಿದ್ದೆವು. ಈ ಸಲ ಬಲೂನೂ ಬೇಡ, ನೆಂಟರೂ ಬೇಡ, ನಾಲ್ಕು ಜನ ಫ್ರೆಂಡ್ಸ್ ಜೊತೆ ಹೊರಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮ್ಮತ್ತೆಯವರಿಗೆ ತುಂಬಾ ಬೇಜಾರಾಗಿದೆ. ಮಕ್ಕಳನ್ನಷ್ಟೇ ಕಳಿಸಲು ನನಗೂ ಧೈರ್ಯ ಇಲ್ಲ. ಮಾಲ್, ಗೇಮ್ ಝೋನ್ ಬಿಟ್ಟು ಬೇರೆ ಏನಾದರೂ ಹೇಳಿ.

ಇಬ್ಬರು ಹೆಣ್ಮಕ್ಕಳ ಅಪ್ಪ:
ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿ. ಸಾವಿರದಷ್ಟು ಮೆಟ್ಟಿಲಿವೆ, ಬೆಳಗ್ಗೆ ಬೇಗ ಶುರು ಮಾಡಿದರೆ ಬಿಸಿಲು ತಾಗುವುದಿಲ್ಲ, ಜನರೂ ಓಡಾಡುತ್ತಿರುತ್ತಾರೆ. ನೀವೂ ಹೋಗಿ, ಆದರೆ ಸ್ವಲ್ಪ ಹಿಂದೆ ಇರಿ, ಮಾತು ಕೇಳಿಸದಷ್ಟು ದೂರ, ಕಣ್ಣಿಗೆ ಕಾಣುವಷ್ಟು ಹತ್ತಿರ. ದೊಡ್ಡ ನಂದಿ ಹತ್ತಿರ ಎಲ್ಲರೂ ಉಸ್ಸಪ್ಪಾ ಅಂತ ಕೂತುಬಿಡುತ್ತಾರೆ, ನಮ್ಮ ದೊಡ್ಡವಳ ಗುಂಪು ಅಲ್ಲಿ ಹರಟುತ್ತಾ ಕೂತಿದ್ದು ಏಳಲೇ ಇಲ್ಲ. ಇಳಿಯೋಕೆ ಸಿಟಿ ಬಸ್ ಇದೆ, ಆಧಾರ್ ಇಟ್ಟುಕೊಂಡಿದ್ದರೆ ಹೆಣ್ಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಆಮೇಲೆ ಮಸಾಲೆ ದೋಸೆ. ದುಡ್ಡು ಅವಳ ಕೈಗೆ ಕೊಡಿ, ಬಿಲ್ ಅವಳೇ ಕೊಡಲಿ. ಅದೇ ಅವಳಿಗೆ ದೊಡ್ಡ ಖುಷಿ.

ಹಕ್ಕಿಪ್ರೇಮಿ:
ಮೃಗಾಲಯದಲ್ಲಿ ಪ್ರಾಣಿ ದತ್ತು ಯೋಜನೆ ಇದೆ, ನೋಡಿ, ನಾವು ದುಡ್ಡು ಕಟ್ಟಿದರೆ ಒಂದು ಪ್ರಾಣಿಯ ಆರೈಕೆಗೆ ಹೋಗುತ್ತದೆ. ಆನೆ, ಹುಲಿಗೆ ಜಾಸ್ತಿ ಖರ್ಚು, ಸಣ್ಣ ಹಕ್ಕಿಗಳಿಗೆ ಕಡಿಮೆ. ಯಾವುದು ಅಂತ ಅವಳೇ ಆರಿಸಲಿ. ಮಂಗಳವಾರ ರಜೆ, ನೆನಪಿರಲಿ.

ಶಿವಮೊಗ್ಗದ ಅಕ್ಕ:
ಅಜ್ಜಿ ವಿಷಯ ಯಾರೂ ಹೇಳಲಿಲ್ಲವಲ್ಲ! ಪಂಚಾಂಗ ತೆಗೆದು ನೋಡಿ. ಜನ್ಮನಕ್ಷತ್ರ ಇಂಗ್ಲಿಷ್ ತಾರೀಖಿನ ದಿನವೇ ಬರುವುದು ಅಪರೂಪ, ಹಿಂದೆ ಮುಂದೆ ಆಗೇ ಆಗುತ್ತದೆ. ನಕ್ಷತ್ರದ ದಿನ ಅಜ್ಜಿಗೆ ಬಿಡಿ. ಎಣ್ಣೆ ಹಚ್ಚಲಿ, ಆರತಿ ಎತ್ತಲಿ, ದೇವಸ್ಥಾನದಲ್ಲಿ ಅರ್ಚನೆ ಮಾಡಿಸಲಿ. ತಾರೀಖಿನ ದಿನ ಪೂರ್ತಿ ಮಗಳದು. ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತಿದೆ, ಮಕ್ಕಳೂ ಎರಡು ದಿನ ಹಬ್ಬ ಅಂತ ಖುಷಿಯಾಗಿರುತ್ತಾರೆ. ಇನ್ನೊಂದು ಮಾತು, ಫೋಟೋ ಸ್ಟೇಟಸ್‌ಗೆ ಹಾಕುವ ಮುಂಚೆ ಅವಳನ್ನು ಒಂದು ಮಾತು ಕೇಳಿ. ಈ ವಯಸ್ಸಿನಲ್ಲಿ ಮೊಡವೆ, ಹಲ್ಲಿನ ಕ್ಲಿಪ್ಪು ಎಲ್ಲಾ ಮನಸ್ಸಿಗೆ ತಾಗುತ್ತದೆ. ಅವಳು ಕೂಸಾಗಿದ್ದಾಗಿನ ಫೋಟೋ ಹುಡುಕಿ ಫ್ಯಾಮಿಲಿ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಮೈಸೂರಿನ ಅಮ್ಮ:
ಅಕ್ಕಾ, ಈಗಷ್ಟೇ ಕ್ಯಾಲೆಂಡರ್ ನೋಡಿದೆ, ನಕ್ಷತ್ರ ನಾಲ್ಕು ದಿನ ಮೊದಲೇ ಬರುತ್ತದೆ. ಅತ್ತೆ ಆಗಲೇ ಪಾಯಸದ ಜೊತೆ ಆಂಬೊಡೆ ಅಂತಿದ್ದಾರೆ. ತಾರೀಖು ಮಂಗಳವಾರ, ಹಾಗಾಗಿ ಝೂ ಆಗುವುದಿಲ್ಲ, ಶಾಲೆ ಬೇರೆ ಇದೆ. ಫ್ರೆಂಡ್ಸ್ ಜೊತೆ ಬೆಟ್ಟ ಭಾನುವಾರಕ್ಕೆ ಅಂತ ಮಗಳೇ ಹೇಳಿದಳು. ಆ ನಾಲ್ವರ ಅಮ್ಮಂದಿರಿಗೆ ಫೋನ್ ಮಾಡಿದೆ, ಒಬ್ಬರು ಇನ್ನೂ ಒಪ್ಪಿಲ್ಲ. ಅವರನ್ನೂ ನನ್ನ ಜೊತೆ ಹಿಂದೆ ನಡೆಯಲು ಕರೆಯುತ್ತೇನೆ.