ಟೇಲರ್ ಸಾಹೇಬನ ಚಿತ್ರ ಯಾವ ಗ್ವಾಡಿಗೆ ಹಚ್ಚೂದ್ರಿ?

ಸುರಪುರ ಮಾಸ್ತರ:
ಸಾಲ್ಯಾಗ ಒಂದು ಖೋಲಿ ಖಾಲಿ ಅದ, ಊರಿನ ಇತಿಹಾಸದ ಸಣ್ಣ ಮ್ಯೂಸಿಯಂ ಮಾಡ್ಲಿಕತ್ತೀವಿ. ಮೆಡೋಸ್ ಟೇಲರ್‌ದೇ ತೊಡಕು. 1841ರಿಂದ 1853ರ ತನಕ ನಮ್ಮ ಸುರಪುರದಾಗೇ ಇದ್ದ ಇಂಗ್ಲಿಷ್ ಅಧಿಕಾರಿ, ಗುಡ್ಡದ ಮ್ಯಾಲ ಅವನ ಟೇಲರ್ ಮಂಜಿಲ್ ಇನ್ನೂ ಅದ. ಹಿರೇರು ಭಾಳ ಹೊಗಳ್ತಾರ. ಅವ ಬೆಳೆಸಿದ ಸುರಪುರದ ರಾಜಾ ವೆಂಕಟಪ್ಪ ನಾಯಕರನ್ನೇ 1858ರಾಗ ಹೈದರಾಬಾದಿನಾಗ ಹಿಡಿದು ಈಸ್ಟ್ ಇಂಡಿಯಾ ಕಂಪನಿಯವರಿಗೆ ಒಪ್ಪಿಸಿದ್ರು, ಚೆಂಗಲ್ಪಟ್ಟಿಗೆ ಒಯ್ಯೂವಾಗ ದಾರ್ಯಾಗ ಗುಂಡಿಗೆ ತೀರಿಕೊಂಡ್ರು. ಇಬ್ಬರನ್ನೂ ಜೋಡಿ ಹಚ್ಚಬೇಕೇನು? ಪಾಲಕರೊಬ್ಬರು “ಬಿಳಿಯಂವ ಬ್ಯಾಡೇ ಬ್ಯಾಡ” ಅಂತ ಜಗಳಕ್ಕ ನಿಂತಾರ.

ಬೀದರ ಹುಡುಗ:
ತೆಗೀಬ್ಯಾಡ್ರಿ ಸರ್, ಜೋಡೀನೇ ಹಚ್ರಿ. ಆದ್ರ ಕೆಳಗಿನ ಚೀಟಿ ನೋಡಿ ಬರೀರಿ. ರಾಜ ತನ್ನನ್ನ ‘ಅಪ್ಪಾ’ ಅಂತಿದ್ದ ಅನ್ನೋದು ಟೇಲರ್ ತಾನೇ ಬರೆದಿಟ್ಟ ಮಾತು. “ಟೇಲರ್ ಬರೆದ ಪ್ರಕಾರ” ಅಂತ ಹಾಕಿದ್ರ ಯಾರು ಹೇಳಿದ್ದು ಅಂತ ಹುಡುಗರೇ ಕೇಳ್ತಾರ. ಪ್ರೀತಿ ಇದ್ದಿರಬಹುದು ಬಿಡ್ರಿ, ಪಗಾರ ಕೊಡೋರು ಯಾರಿದ್ರು?

ಯಾದಗಿರಿ ಅಕ್ಕ:
ಚಿತ್ರಕ್ಕಿಂತ ನಕ್ಷೆ ಹಾಕ್ರಿ ಅಣ್ಣಾರ. ನಮ್ಮ ಕಡಿ ನಿಜಾಮನ ರಾಜ್ಯ, ಇಂಗ್ಲಿಷರು ಇರಲೇ ಇಲ್ಲ ಅಂತ ಮಕ್ಕಳು ತಿಳಕೊಂಡಾವ. ನಿಜಾಮನ ರಾಜ್ಯದಾಗ ಇಟ್ಟಿದ್ದ ಫೌಜಿನ ಖರ್ಚಿನ ಬಾಕಿ ತೋರಿಸಿ ಇಂಗ್ಲಿಷರು 1853ರಾಗ ಅವನ ಕಡಿಂದ ಬೇರಾರ (ಈಗಿನ ವಿದರ್ಭದ ಕಡಿ), ರಾಯಚೂರು ದೋಆಬ (ಕೃಷ್ಣಾ-ತುಂಗಭದ್ರಾ ನಡುವಿನ ನೆಲ) ತಗೊಂಡ್ರು. 1860ರಾಗ ದೋಆಬ ತಿರುಗಿ ಕೊಟ್ರು, ಮ್ಯಾಲ ಸುರಪುರ ಇನಾಮು! ಊರಿನವರನ್ನ ಕೇಳಿದವರು ಯಾರು?

ಸುರಪುರ ಮಾಸ್ತರ:
ನಕ್ಷೆ ಪಕ್ಕಾ, ಅಕ್ಕಾರ. ಡ್ರಾಯಿಂಗ್ ಮಾಸ್ತರಿಗೆ ಹೇಳೀನಿ. ಮಳಿಗಾಲದಾಗ ಆ ಗ್ವಾಡಿ ಸೋರ್ತದ, ಮೊದ್ಲ ಅದರ ರಿಪೇರಿ ಆಗಬೇಕು.