ಫೋಟೋ ನೋಡಿ ಬರೆದರೂ ಆಕೃತಿ ಬೀಳುವ ಹಾಗೆ ಕಾಣುತ್ತದೆ, ಯಾಕೆ?

ಡೊಂಬಿವಲಿ ಸ್ಕೆಚ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯವಳು, ಫೋರ್ಟ್‌ನಲ್ಲಿ ಅಕೌಂಟ್ಸ್ ಕೆಲಸ. ಶಾಲೆಯಲ್ಲಿದ್ದಾಗ ಇಲ್ಲಿನ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಎರಡನ್ನೂ ಪಾಸು ಮಾಡಿದ್ದೆ. ಆಮೇಲೆ ಹದಿನೈದು ವರ್ಷ ಪೆನ್ಸಿಲ್ ಮುಟ್ಟಲಿಲ್ಲ. ಹೋದ ಗಣಪತಿ ಹಬ್ಬದಿಂದ ಮತ್ತೆ ಹಿಡಿದಿದ್ದೇನೆ.

ಹಿಡಿದದ್ದು ಅಪ್ಪನಿಗಾಗಿ. ಅಪ್ಪ ಕುಂದಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಬಂದವರು. ಮೂವತ್ತು ವರ್ಷ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಎಡಗೈ ಮೇಲೆ ಮೊಣಕೈವರೆಗೆ ನಾಲ್ಕು ದೋಸೆ ಪ್ಲೇಟು ಜೋಡಿಸಿಕೊಂಡು, ಬಲಗೈಯಲ್ಲಿ ಎರಡು ನೀರಿನ ಗ್ಲಾಸು ಹಿಡಿದು, ಟೇಬಲ್‌ಗಳ ಸಂದಿಯಲ್ಲಿ ಬರುತ್ತಿದ್ದರು. ಚಿಕ್ಕವಳಿದ್ದಾಗ ಒಂದೆರಡು ಸಲ ನೋಡಿದ್ದೇನೆ. ಅದರ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಸಪ್ಲೈಯರ್ ಫೋಟೋ ಯಾರು ತೆಗೆಯುತ್ತಾರೆ? ಮದುವೆಯದ್ದೊಂದು ಇದೆ, ಪಾಸ್‌ಬುಕ್ಕಿನದ್ದೊಂದು ಇದೆ, ಅಷ್ಟೇ. ಹಾಗಾಗಿ ಆ ಚಿತ್ರ ನಾನೇ ಬರೆಯಬೇಕು ಅಂತ ಆಸೆ.

ಕಷ್ಟ ಏನಂದ್ರೆ, ಎಂಟು ತಿಂಗಳಿಂದ ದಿನಾ ರಾತ್ರಿ ಪಿಂಟರೆಸ್ಟ್‌ನಲ್ಲಿ ಪೋಸು ಹುಡುಕಿ ಬರೆಯುತ್ತಿದ್ದೇನೆ. ಹೊರಗಿನ ಗೆರೆ ಫೋಟೋದಲ್ಲಿ ಇದ್ದ ಹಾಗೇ ಬರುತ್ತದೆ. ಆದರೆ ಮನುಷ್ಯ ನೆಲದ ಮೇಲೆ ನಿಂತ ಹಾಗೆ ಅನಿಸುವುದಿಲ್ಲ. ಯಾರೋ ಕತ್ತರಿಸಿ ಅಂಟಿಸಿದ ಹಾಗೆ, ಇಲ್ಲಾ ಬೀಳುವ ಹಾಗೆ. ಮೊನ್ನೆ ಗೋಡೆಗೆ ಭುಜ ಕೊಟ್ಟು ನಿಂತ ಒಬ್ಬ ಹುಡುಗನನ್ನು ಬರೆದೆ. ಗೋಡೆ ಬೇಡ ಅಂತ ಬಿಟ್ಟೆ. ತಂಗಿ ನೋಡಿ, "ಇವನಿಗೆ ತಲೆ ಸುತ್ತು ಬಂದಿದೆಯಾ?" ಅಂದಳು. ಫೋಟೋ ಮುಚ್ಚಿಟ್ಟು ಬರೆದರೆ ಅಪ್ಪ ಮರದ ಗೊಂಬೆ ಆಗುತ್ತಾರೆ.

ರೆಫರೆನ್ಸ್, ಅಂದ್ರೆ ನೋಡಿ ಬರೆಯುವ ಫೋಟೋ, ಬಿಟ್ಟುಬಿಡಬೇಕಾ? ಅನಾಟಮಿ, ಅಂದ್ರೆ ಮೈಯ ಎಲುಬು-ಸ್ನಾಯುಗಳ ರಚನೆ, ಮೊದಲು ಓದಬೇಕಾ? ದಿನಕ್ಕೆ ಒಂದು ಗಂಟೆ ಸಿಗುತ್ತದೆ, ಜೊತೆಗೆ ಲೋಕಲ್ ಟ್ರೇನಿನ ಸಮಯ.

ಪುಣೆ ಪೆನ್ಸಿಲ್

ರೆಫರೆನ್ಸ್ ಬಿಡಬೇಡಿ. ಹೊತ್ತು ಕಡಿಮೆ ಮಾಡಿ. ಒಂದೇ ಫೋಟೋ ಮೇಲೆ ಒಂದು ಗಂಟೆ ಕೂತರೆ ಕೈ ಗೆರೆಯನ್ನಷ್ಟೇ ಹಿಂಬಾಲಿಸುತ್ತದೆ. ಲೈನ್ ಆಫ್ ಆಕ್ಷನ್ ಅನ್ನುವ ಸೈಟಿನಲ್ಲಿ ಟೈಮರ್ ಇದೆ, ಹೊತ್ತು ಮುಗಿದರೆ ಪೋಸಿನ ಫೋಟೋ ಬದಲಾಗುತ್ತದೆ. ನಾನು 30 ಸೆಕೆಂಡಿನ 20 ಪೋಸು ಮಾಡುತ್ತೇನೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ 2 ನಿಮಿಷದ ಐದು, ಕೊನೆಗೆ 10 ನಿಮಿಷದ ಒಂದು. 30 ಸೆಕೆಂಡಿನಲ್ಲಿ ಮೂಗು, ಬೆರಳು ಬರೆಯಲು ಆಗುವುದೇ ಇಲ್ಲ. ತಲೆಯಿಂದ ಪಾದಕ್ಕೆ ಮೈ ಹೇಗೆ ಬಾಗಿದೆ ಅನ್ನುವ ಒಂದು ಗೆರೆ, ಭುಜಕ್ಕೊಂದು, ಸೊಂಟಕ್ಕೊಂದು, ಅಷ್ಟೇ. ಪೇಪರ್ ಅಗ್ಗದ್ದು ಇರಲಿ, ನ್ಯೂಸ್‌ಪ್ರಿಂಟ್ ಸಾಕು. ಒಳ್ಳೆ ಪೇಪರ್ ಆದರೆ ಕೈ ಹೆದರುತ್ತದೆ. ರಬ್ಬರ್ ಪಕ್ಕದ ಕೋಣೆಯಲ್ಲಿ ಇಟ್ಟು ಬನ್ನಿ.

ಮಾಟುಂಗಾ ಬ್ರಷ್

ತಂಗೀ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಉತ್ತರ ನೀವೇ ಬರೆದಿದ್ದೀರಿ. "ಗೋಡೆ ಬೇಡ ಅಂತ ಬಿಟ್ಟೆ." ಆ ಹುಡುಗನ ಅರ್ಧ ಭಾರ ಗೋಡೆಯ ಮೇಲಿತ್ತು. ಗೋಡೆ ತೆಗೆದರೆ ಅವನು ಬೀಳಲೇಬೇಕು. ನಿಮ್ಮ ಕೈ ಸರಿಯಾಗಿಯೇ ಬರೆದಿದೆ.

ಫೋಟೋ ಮೈಯ ಆಕಾರ ಕೊಡುತ್ತದೆ. ಭಾರ ಎಲ್ಲಿದೆ ಅಂತ ನಾವೇ ಹುಡುಕಬೇಕು. ಗಾರೆಯವರು ಗೋಡೆ ಕಟ್ಟುವಾಗ ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಅದನ್ನೇ ಮಾಡಿ. ಎರಡು ಕೊರಳೆಲುಬಿನ ನಡುವೆ ಒಂದು ಕುಳಿ ಇದೆ, ಬೆರಳಿಟ್ಟರೆ ಸಿಗುತ್ತದೆ. ಫೋಟೋದ ಮೇಲೆ ಅಲ್ಲಿಂದ ದಾರ ನೇರ ಕೆಳಗೆ ಬಿಡಿ. ಒಂದೇ ಕಾಲಿನ ಮೇಲೆ ನಿಂತವರಲ್ಲಿ ಆ ದಾರ ಭಾರ ಹೊತ್ತ ಪಾದದ ಹತ್ತಿರವೇ ಇಳಿಯುತ್ತದೆ. ಎರಡೂ ಕಾಲಿನ ಮೇಲೆ ಸಮ ನಿಂತಿದ್ದರೆ ಪಾದಗಳ ನಡುವೆ. ಪಾದಗಳಿಂದ ಹೊರಗೆ ಇಳಿಯಿತು ಅಂದ್ರೆ ಅವರು ಏನನ್ನೋ ಒರಗಿದ್ದಾರೆ, ಏನನ್ನೋ ಹಿಡಿದಿದ್ದಾರೆ, ಇಲ್ಲಾ ನಡೆಯುತ್ತಿದ್ದಾರೆ. ಆ 'ಏನನ್ನೋ' ಕೂಡ ಚಿತ್ರದ ಭಾಗ, ಬಿಡಬಾರದು.

ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ. ಸಾಮಾನ್ಯವಾಗಿ ಅದೇ ಕಡೆ ಭುಜ ಕೆಳಗಿಳಿಯುತ್ತದೆ. ಇದನ್ನು ಓದಿ ಬಿಡಬೇಡಿ, ಈಗಲೇ ಎದ್ದು ನಿಂತು ಮಾಡಿ ನೋಡಿ. ನಾನು ಕಲಿಯುವಾಗ ನಮ್ಮ ಮೇಷ್ಟ್ರು ಪೆನ್ಸಿಲ್ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ನಾವೆಲ್ಲ ಆ ಭಂಗಿಯಲ್ಲೇ ಎರಡು ನಿಮಿಷ ನಿಲ್ಲಬೇಕಿತ್ತು. ಎಲ್ಲಿ ನೋವು ಬರುತ್ತದೋ ಅಲ್ಲಿ ಗೆರೆ ದಪ್ಪ, ಎಲ್ಲಿ ಮೈ ಸಡಿಲವೋ ಅಲ್ಲಿ ತೆಳು. ಐವತ್ತು ವರ್ಷ ಆಯಿತು, ಈಗಲೂ ನಾನು ಹಾಗೇ ಮಾಡುತ್ತೇನೆ.

ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ನೋಡಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಇಲ್ಲೇ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ಲಯ ಅಂದರೇನು ಅಂತ ತಿಳಿಯಲು ಕಥಕ್ ಕಲಿತಿದ್ದರು. ಅವರ ಕುಣಿಯುವವರ ರೇಖಾಚಿತ್ರಗಳಲ್ಲಿ ಗೆರೆ ಎಷ್ಟು ಕಡಿಮೆ ಅಲ್ವಾ? ಆದರೂ ಯಾವ ಕಾಲು ನೆಲಕ್ಕೆ ಒತ್ತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆ ಗೆರೆ ಕಣ್ಣಿನಿಂದ ಮಾತ್ರ ಬಂದದ್ದಲ್ಲ, ಮೈಯಿಂದ ಬಂದದ್ದು ಅಂತ ನನಗೆ ಅನಿಸುತ್ತದೆ.

ಈಗ ಅಪ್ಪನ ಚಿತ್ರ. ಸಪ್ಲೈಯರ್ ಪೋಸು ನೆಟ್ಟಿನಲ್ಲಿ ಹುಡುಕಬೇಡಿ. ಅಲ್ಲಿ ಸಿಗುವವರು ಖಾಲಿ ಟ್ರೇ ಹಿಡಿದು ನಗುವ ಮಾಡೆಲ್‌ಗಳು. ಖಾಲಿ ಪ್ಲೇಟು ಹಿಡಿದ ಮೈ ಸುಳ್ಳು ಹೇಳುತ್ತದೆ. ತಂಗಿಯನ್ನೋ ಗಂಡನನ್ನೋ ನಿಲ್ಲಿಸಿ. ನಾಲ್ಕು ಸ್ಟೀಲ್ ಪ್ಲೇಟು, ಒಂದೊಂದರಲ್ಲಿ ಅರ್ಧ ಕೇಜಿ ಅಕ್ಕಿಯ ಪೊಟ್ಟಣ. ಒಂದು ನಿಮಿಷ ಕಳೆಯಲಿ. ಆಗ ನೋಡಿ, ಬೆನ್ನು ತಾನಾಗಿ ಸ್ವಲ್ಪ ಹಿಂದಕ್ಕೂ ಬಲಕ್ಕೂ ಸರಿಯುತ್ತದೆ, ಬಲಗೈ ದೇಹದಿಂದ ದೂರ ಹೋಗುತ್ತದೆ, ಕತ್ತಿನ ಎಡಗಡೆ ನರ ಎದ್ದು ಕಾಣುತ್ತದೆ. ಇದನ್ನು ಯಾವ ಮರದ ಗೊಂಬೆಯೂ, ಮೊಬೈಲಿನ ಯಾವ ಪೋಸ್ ಆ್ಯಪ್ಪೂ ತಾನಾಗಿ ಮಾಡಿ ತೋರಿಸುವುದಿಲ್ಲ.

ಅನಾಟಮಿ ಬೇಕು, ಆದರೆ ಪುಸ್ತಕದ ಮೊದಲ ಪುಟದಿಂದ ಅಲ್ಲ. ನಿಮಗೆ ಸದ್ಯಕ್ಕೆ ಬೇಕಾದದ್ದು ಮುಂಗೈ ಮತ್ತು ಭುಜ. ಅದನ್ನೇ ಓದಿ, ಅದನ್ನೇ ನೂರು ಸಲ ಬರೆಯಿರಿ.

ಚೆಂಬೂರು ಕ್ಲಿಕ್

ಅಂಕಲ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಫೋಟೋ ತೆಗೆಯುವವನಾಗಿ. ನಮ್ಮ ಮುಂಬೈ ಮನೆಗಳಲ್ಲಿ ಜಾಗ ಇಲ್ಲ, ಹಾಗಾಗಿ ಎಲ್ಲರೂ ನಾಲ್ಕು ಅಡಿಯಿಂದ ಕ್ಲಿಕ್ ಮಾಡುತ್ತಾರೆ. ಮೊಬೈಲಿನ ಲೆನ್ಸ್ ಅಗಲ ನೋಟದ್ದು (ವೈಡ್). ಅಷ್ಟು ಹತ್ತಿರದಿಂದ ತೆಗೆದರೆ ಮುಂದೆ ಚಾಚಿದ ಕೈ ತಲೆಯಷ್ಟು ದೊಡ್ಡದಾಗುತ್ತದೆ, ಕಾಲು ಚಿಕ್ಕದಾಗುತ್ತದೆ. ಅದನ್ನೇ ಕಾಪಿ ಮಾಡಿದರೆ ಅಳತೆ ಹೋಯಿತು. ಬಿಲ್ಡಿಂಗಿನ ಕಾರಿಡಾರಿಗೆ ಇಲ್ಲಾ ಟೆರೇಸಿಗೆ ಹೋಗಿ. ಹನ್ನೆರಡು ಅಡಿ ದೂರ ನಿಂತು 2 ಎಕ್ಸ್ ಝೂಮ್ ಹಾಕಿ, ಮೊಬೈಲ್ ಎದೆಯ ಎತ್ತರದಲ್ಲಿ ಹಿಡಿಯಿರಿ. ಬೆಳಕು ಒಂದೇ ಕಡೆಯಿಂದ ಬರಲಿ. ಮುಂದಿನಿಂದ, ಪಕ್ಕದಿಂದ, ಅವೆರಡರ ನಡುವಿನ ಮುಕ್ಕಾಲು ಕೋನದಿಂದ, ಮೂರೂ ತೆಗೆಯಿರಿ.

ಇನ್ನೊಂದು. ಪಿಂಟರೆಸ್ಟ್ ಫೋಟೋಗಳು ಯಾರೋ ಕಷ್ಟಪಟ್ಟು ತೆಗೆದವು. ಅಭ್ಯಾಸಕ್ಕೆ ಸರಿ. ಹಾಗೇ ಬರೆದು ಮಾರುವುದು, ಪ್ರದರ್ಶನಕ್ಕೆ ಇಡುವುದು ಸರಿಯಲ್ಲ. ನೀವೇ ತೆಗೆದರೆ ಆ ಚಿಂತೆ ಇಲ್ಲ. ಟ್ರೇನಿನಲ್ಲಿ ಅಪರಿಚಿತರ ಫೋಟೋ ತೆಗೆಯಬೇಡಿ, ಸ್ಕೆಚ್ ಪುಸ್ತಕ ಸಾಕು. ಶಿವಾಜಿ ಪಾರ್ಕಿನ ಕಡೆ ಹೋದರೆ ಮಲ್ಲಕಂಬ ಆಡುವವರನ್ನು ಕೇಳಿ ಕೂತು ಬರೆಯಿರಿ. ಕಂಬಕ್ಕೆ ತೊಡೆ ಹೇಗೆ ಒತ್ತುತ್ತದೆ ಅಂತ ಅಲ್ಲಿ ನೋಡಬೇಕು.

ಡೊಂಬಿವಲಿ ಸ್ಕೆಚ್

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಲೇಡೀಸ್ ಡಬ್ಬಿಯಲ್ಲಿ ದಿನಾ ನಾಲ್ಕೈದು ಸ್ಕೆಚ್ ಮಾಡಿದೆ. ಮೇಲೆ ತೂಗುವ ಹಿಡಿಕೆ ಹಿಡಿದು ನಿಂತವರಲ್ಲಿ ದಾರ ಪಾದದಿಂದ ಆಚೆ ಬೀಳುವುದು ಈಗ ಕಣ್ಣಿಗೆ ಕಾಣುತ್ತದೆ. ಹಿಡಿಕೆಯನ್ನು ಮೊದಲು ಬರೆದು, ಆಮೇಲೆ ಕೈ, ಆಮೇಲೆ ಮನುಷ್ಯರು.

ಭಾನುವಾರ ಟೆರೇಸಿನಲ್ಲಿ ತಂಗಿಯ ಕೈ ಮೇಲೆ ಪ್ಲೇಟು, ಅಕ್ಕಿ ಪೊಟ್ಟಣ ಎಲ್ಲ ಇಟ್ಟೆ. ಎರಡನೇ ಪ್ಲೇಟಿಗೇ ಜಾರಿತು. ಸದ್ದು ಕೇಳಿ ಅಪ್ಪ ಮೇಲೆ ಬಂದರು. ಯಾಕೆ ಅಂತ ಕೇಳಲಿಲ್ಲ. ಪ್ಲೇಟು ಎತ್ತಿಕೊಂಡು, "ಭುಜ ಎತ್ತಬಾರದು, ಮೊಣಕೈ ಪಕ್ಕೆಗೆ ಒತ್ತಿ ಹಿಡಿ" ಅಂದರು. ಮೊದಲನೆಯದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಿಕ್ಕಿಸಿ, ಎರಡನೆಯದನ್ನು ಅದರ ಅಡಿಗೆ ಉಳಿದ ಬೆರಳುಗಳ ಮೇಲೆ ಇಟ್ಟು, ಮೂರನೆಯದು ಮಣಿಕಟ್ಟಿನ ಮೇಲೆ, ನಾಲ್ಕನೆಯದು ಮೊಣಕೈ ಮಡಿಕೆಯಲ್ಲಿ. ಎಪ್ಪತ್ತೊಂದು ವರ್ಷ ಅವರಿಗೆ. ಟೆರೇಸಿನ ಈ ತುದಿಯಿಂದ ನೀರಿನ ಟ್ಯಾಂಕಿನವರೆಗೆ ನಡೆದು ಹೋಗಿ ತಿರುಗಿ ಬಂದರು. ಒಂದೂ ಅಲುಗಲಿಲ್ಲ.

ಹನ್ನೆರಡು ಅಡಿ ದೂರದಿಂದ ಇಪ್ಪತ್ತಾರು ಫೋಟೋ ತೆಗೆದಿದ್ದೇನೆ. ನಿನ್ನೆ ರಾತ್ರಿ ಒಂದರ ಮೇಲೆ ದಾರ ಬಿಟ್ಟು ನೋಡಿದೆ, ಬಲ ಹಿಮ್ಮಡಿಯ ಮೇಲೆ ಸರಿಯಾಗಿ ಇಳಿಯಿತು. ಈವತ್ತು ಮುಂಗೈಯಿಂದ ಶುರು ಮಾಡುತ್ತೇನೆ.